ದನಿ ಒಡೆದಿಲ್ಲ, ನಡಿಗೆ ಹೆಣ್ಣಿನ ಹಾಗೆ ಅಂತಾರೆ: ಮಗನಿಗೆ ಹಾರ್ಮೋನ್ ಇಂಜೆಕ್ಷನ್ ಕೊಡಿಸಬೇಕೇ?

ಪ್ರಶ್ನೆ: ನನ್ನ ಮಗನಿಗೆ 17 ವರ್ಷ, ದ್ವಿತೀಯ ಪಿಯುಸಿ. ಎತ್ತರ 5 ಅಡಿ 8 ಇಂಚು, ಮೀಸೆ ಚಿಗುರಿದೆ. ಆದರೆ ದನಿ ಇನ್ನೂ ಒಡೆದಿಲ್ಲ. ಫೋನ್ ಎತ್ತಿದರೆ ಆ ಕಡೆಯವರು "ಮೇಡಂ" ಎಂದೇ ಮಾತಾಡಿಸುತ್ತಾರೆ. ಎದೆಯೂ ಸ್ವಲ್ಪ ಉಬ್ಬಿದಂತಿದೆ, ಬೇಸಿಗೆಯಲ್ಲೂ ಎರಡು ಅಂಗಿ ಹಾಕುತ್ತಾನೆ. ಚಿಕ್ಕಂದಿನಿಂದ ಭರತನಾಟ್ಯ ಕಲಿಯುತ್ತಿದ್ದಾನೆ. ಕ್ರಿಕೆಟ್ ಹತ್ತಿರ ಸುಳಿಯುವುದಿಲ್ಲ, ಮಾತಾಡುವಾಗ ಕೈ ಆಡಿಸುತ್ತಾನೆ, ನಡಿಗೆಯೂ ಹೆಣ್ಣುಮಕ್ಕಳ ಹಾಗೆ ಎನ್ನುತ್ತಾರೆ. ಕಾಲೇಜಿನಲ್ಲಿ ಹುಡುಗರು ಅಸಹ್ಯವಾಗಿ ಹೆಸರಿಟ್ಟು ಕರೆಯುತ್ತಾರಂತೆ. ಈಗ ತರಗತಿಯಲ್ಲಿ ಬಾಯಿ ಬಿಡುವುದೇ ಇಲ್ಲ. ನಮ್ಮ ಭಾವನವರು "ಡ್ಯಾನ್ಸ್ ಬಿಡಿಸಿ, ಜಿಮ್‌ಗೆ ಹಾಕಿ, ಹಾರ್ಮೋನ್ ಇಂಜೆಕ್ಷನ್ ಕೊಡಿಸಿ, ಎಲ್ಲ ಸರಿಹೋಗುತ್ತೆ" ಅನ್ನುತ್ತಾರೆ. ನಮ್ಮವರು ಈ ವಿಷಯ ಎತ್ತಿದರೆ ಎದ್ದು ಹೋಗುತ್ತಾರೆ. ಇದು ಹಾರ್ಮೋನ್ ಕೊರತೆಯೇ? ನಾಟ್ಯ ಬಿಡಿಸಬೇಕೇ? ಮುಂದೆ ಇವನು "ಹಾಗೆ" ಆಗಿಬಿಟ್ಟರೆ ಏನು ಮಾಡುವುದು?
ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಬೇರೆ ಬೇರೆ ಸಂಗತಿಗಳು ಒಂದೇ ಗಂಟಾಗಿವೆ. ದನಿ, ಎದೆ, ನಡೆನುಡಿ, ಮುಂದೇನೋ ಎಂಬ ಭಯ. ಮೊದಲ ಎರಡು ದೇಹದ ವಿಷಯ, ವೈದ್ಯರು ಒಮ್ಮೆ ಸರಿಯಾಗಿ ನೋಡಬೇಕು. ಮೂರನೆಯದು ಕಾಯಿಲೆಯಲ್ಲ, ಹಾಗಾಗಿ ಅದಕ್ಕೆ ಔಷಧವೂ ಇಲ್ಲ. ನಾಲ್ಕನೆಯದಕ್ಕೆ ಉತ್ತರ ಇರುವುದು ನಿಮ್ಮ ಮಗನ ಹತ್ತಿರ ಮಾತ್ರ, ಅವನಿಗೂ ಅದು ಇನ್ನೂ ಗೊತ್ತಿರದೇ ಇರಬಹುದು. ಇವು ನಾಲ್ಕನ್ನೂ ಒಂದೇ ಇಂಜೆಕ್ಷನ್‌ನಿಂದ ಸರಿಮಾಡುತ್ತೇವೆ ಎಂದು ಹೊರಟಾಗಲೇ ಮಕ್ಕಳಿಗೆ ಪೆಟ್ಟಾಗುವುದು.

ದನಿಯಿಂದ ಶುರು ಮಾಡುತ್ತೇನೆ, ಏಕೆಂದರೆ ನಾಲ್ಕರಲ್ಲಿ ಚಿಕಿತ್ಸೆಯಿಂದ ಅತಿ ಬೇಗ ಬದಲಾಗಬಲ್ಲದ್ದು ಅದೇ.

ಹುಡುಗರಿಗೆ ಸಾಮಾನ್ಯವಾಗಿ 13ರಿಂದ 15ರ ನಡುವೆ ದನಿ ಒಡೆಯುತ್ತದೆ. ಧ್ವನಿಪೆಟ್ಟಿಗೆ ದೊಡ್ಡದಾಗಿ ಕುತ್ತಿಗೆಯಲ್ಲಿ ಕೆಳಗಿಳಿಯುತ್ತದೆ, ಗಂಟಲಮಣಿ ಎದ್ದು ಕಾಣುತ್ತದೆ, ಒಳಗಿನ ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ಕೆಲವು ತಿಂಗಳು ದನಿ ಅಲ್ಲಲ್ಲಿ ಕೀರಲಾಗಿ, ಕಡೆಗೆ ಹೆಚ್ಚೂಕಡಿಮೆ ಒಂದು ಸ್ಥಾಯಿ ಕೆಳಗೆ ಬಂದು ನಿಲ್ಲುತ್ತದೆ. ವಯಸ್ಕ ಗಂಡಸರ ಮಾತಿನ ಶ್ರುತಿ ಸುಮಾರು 100ರಿಂದ 130 ಹರ್ಟ್ಸ್ (ಅಂದರೆ ಸೆಕೆಂಡಿಗೆ ಅಷ್ಟು ಕಂಪನ), ಹೆಂಗಸರದ್ದು 200ರಿಂದ 220ರ ಆಸುಪಾಸು. ಕೆಲವು ಹುಡುಗರಲ್ಲಿ ಪೆಟ್ಟಿಗೆ ಪೂರ್ತಿ ಬೆಳೆದಿದ್ದರೂ ಮಾತು 200 ಹರ್ಟ್ಸ್‌ನ ಮೇಲೆಯೇ ಉಳಿದುಬಿಡುತ್ತದೆ. ಇದನ್ನು ಪ್ಯೂಬರ್‌ಫೋನಿಯಾ ಎನ್ನುತ್ತಾರೆ.

ವೀಣೆಯ ತಂತಿ ದಪ್ಪಗಿದ್ದರೂ ಬಿರಡೆ ತಿರುಗಿಸಿ ಬಿಗಿದರೆ ಸ್ವರ ಮೇಲೇರುವುದಿಲ್ಲವೇ, ಹಾಗೆ. ಇಲ್ಲಿ ಹುಡುಗ ತನಗೇ ಗೊತ್ತಿಲ್ಲದೆ ಧ್ವನಿಪೆಟ್ಟಿಗೆಯನ್ನು ಮೇಲಕ್ಕೆ ಎತ್ತಿ ಹಿಡಿದು, ತಂತುಗಳನ್ನು ಎಳೆದು ತೆಳುವಾಗಿಸಿ ಮಾತಾಡುತ್ತಾನೆ. ತಂತುಗಳ ಅಂಚು ಮಾತ್ರ ಕಂಪಿಸುತ್ತದೆ. ದನಿ ಒಡೆಯುವಾಗ ಯಾರೋ ನಕ್ಕಿರುತ್ತಾರೆ. ಕೀರಲು ಬಾರದಂತೆ ಹಳೆಯ ಎತ್ತರದ ದನಿಯನ್ನೇ ಹಿಡಿದುಕೊಂಡಿರುತ್ತಾನೆ. ಆಮೇಲೆ ಅದೇ ಅಭ್ಯಾಸವಾಗುತ್ತದೆ. ಕೆಲವೊಮ್ಮೆ ಕಿವಿ ಮಂದವಾಗಿರುವುದೂ ಕಾರಣ. ಇಂಥ ಹುಡುಗರಲ್ಲಿ ಹಾರ್ಮೋನ್ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಕೊರತೆ ಇಲ್ಲದವನಿಗೆ ಇಂಜೆಕ್ಷನ್ ಕೊಟ್ಟರೆ ದನಿ ಇಳಿಯುವುದಿಲ್ಲ, ಏಕೆಂದರೆ ಅಲ್ಲಿ ಬೆಳೆಯಬೇಕಾದದ್ದು ಏನೂ ಉಳಿದಿಲ್ಲ.

ಮನೆಯಲ್ಲೇ ಗಮನಿಸಬಹುದಾದ ಒಂದು ಸುಳಿವಿದೆ. ಅವನು ಕೆಮ್ಮಿದಾಗ, ಗಂಟಲು ಸರಿಮಾಡಿಕೊಂಡಾಗ, ಮೈಮರೆತು ನಕ್ಕಾಗ, ಆಕಳಿಸುವಾಗ ಬರುವ ಸದ್ದು ಹೇಗಿದೆ? ಅದು ದಪ್ಪಗೆ, ಕೆಳಗಿನಿಂದ ಬರುತ್ತಿದ್ದರೆ ಗಂಡಸಿನ ದನಿಯ ಯಂತ್ರ ಒಳಗೆ ತಯಾರಾಗಿಯೇ ಇದೆ ಎಂದು ಬಹುಮಟ್ಟಿಗೆ ಹೇಳಬಹುದು. ಕೆಮ್ಮು, ನಗು ಕೂಡ ಪುಟ್ಟ ಮಗುವಿನದರಂತೆ ತೆಳ್ಳಗಿದ್ದರೆ ಪೆಟ್ಟಿಗೆಯೇ ಬೆಳೆದಿಲ್ಲದಿರಬಹುದು, ಆಗ ಹಾರ್ಮೋನ್ ಪರೀಕ್ಷೆಗೆ ತಡಮಾಡಬೇಡಿ. "ಕೆಮ್ಮು ನೋಡೋಣ" ಎಂದು ಕೂರಿಸಿ ಪರೀಕ್ಷೆ ಮಾಡಬೇಡಿ, ಸುಮ್ಮನೆ ಕಿವಿಗೊಡಿ ಸಾಕು.

ಇನ್ನು ಹಾರ್ಮೋನ್ ವಿಷಯ. ಮೀಸೆ ಮೂಡಿದೆ, ಎತ್ತರ ಬೆಳೆದಿದ್ದಾನೆ ಎಂದಿದ್ದೀರಿ. ಒಳ್ಳೆಯ ಸೂಚನೆಗಳು, ಆದರೆ ಅವೆರಡರಿಂದಲೇ ತೀರ್ಮಾನ ಮಾಡಲಾಗದು. ಹುಡುಗರಲ್ಲಿ ಪ್ರಾಯ ಶುರುವಾಗುವ ಮೊದಲ ಗುರುತು ದನಿಯೂ ಅಲ್ಲ, ಮೀಸೆಯೂ ಅಲ್ಲ, ವೃಷಣದ ಬೆಳವಣಿಗೆ. ಹಾರ್ಮೋನ್ ತಜ್ಞರ ಹತ್ತಿರ ಮೊಟ್ಟೆಯಾಕಾರದ ಮಣಿಗಳ ಒಂದು ಸರ ಇರುತ್ತದೆ, 1 ಮಿಲಿಲೀಟರ್‌ನಿಂದ 25ರವರೆಗೆ ಒಂದೊಂದು ಮಣಿಯ ಮೇಲೂ ಅಳತೆ ಬರೆದಿರುತ್ತದೆ. ಒಂದು ಕೈಯಲ್ಲಿ ಮಣಿ, ಇನ್ನೊಂದು ಕೈಯಿಂದ ಪರೀಕ್ಷೆ, ಅರ್ಧ ನಿಮಿಷದ ಕೆಲಸ. 4 ಮಿಲಿಲೀಟರ್ ಮುಟ್ಟಿದರೆ ಪ್ರಾಯ ಶುರುವಾಗಿದೆ ಎಂದು ಲೆಕ್ಕ. ಬೆಳೆದ ಗಂಡಸಿನಲ್ಲಿ 15ರಿಂದ 25 ಇರುತ್ತದೆ. 14 ವರ್ಷ ತುಂಬಿದರೂ 4 ಮುಟ್ಟದಿದ್ದರೆ ತಪಾಸಣೆ ಆಗಲೇಬೇಕು. ಈ ಪರೀಕ್ಷೆ ಮಾಡದೆ ನೇರವಾಗಿ ಇಂಜೆಕ್ಷನ್ ಬರೆದುಕೊಡುವವರಿದ್ದರೆ ಚೀಟಿ ಹಿಡಿದು ಎದ್ದು ಬನ್ನಿ.

ರಕ್ತ ಪರೀಕ್ಷೆ ಬರೆದರೆ ಬೆಳಿಗ್ಗೆ 10 ಗಂಟೆಯ ಒಳಗೆ, ಖಾಲಿ ಹೊಟ್ಟೆಯಲ್ಲಿ ಕೊಡಿಸಿ. ಗಂಡು ಹಾರ್ಮೋನ್ ಆದ ಟೆಸ್ಟೋಸ್ಟೆರಾನ್ ಬೆಳಿಗ್ಗೆ ಹೆಚ್ಚಿದ್ದು ಸಂಜೆಗೆ ಇಳಿಯುತ್ತದೆ. ಕಾಲೇಜು ಮುಗಿಸಿ ಸಂಜೆ ಲ್ಯಾಬ್‌ಗೆ ಹೋಗಿ, ಕಡಿಮೆ ಬಂದ ವರದಿ ನೋಡಿ ಗಾಬರಿಬೀಳುವವರು ಬಹಳ. ಕಡಿಮೆ ಬಂದರೂ ಇನ್ನೊಂದು ದಿನ ಮತ್ತೆ ನೋಡದೆ ಚಿಕಿತ್ಸೆ ಶುರು ಮಾಡುವಂತಿಲ್ಲ. ಜೊತೆಗೆ ಎಲ್.ಎಚ್., ಎಫ್.ಎಸ್.ಎಚ್. ಎಂಬ ಎರಡು ಹಾರ್ಮೋನ್‌ಗಳನ್ನೂ ಅಳೆಯುತ್ತಾರೆ. ತೊಂದರೆ ಇದ್ದರೆ ಅದು ವೃಷಣದಲ್ಲೋ ಮೆದುಳಿನ ಗ್ರಂಥಿಯಲ್ಲೋ ಎಂದು ಅವು ಹೇಳುತ್ತವೆ. ವಾಸನೆ ಗೊತ್ತಾಗುತ್ತದೆಯೇ ಎಂದು ವೈದ್ಯರು ಕೇಳಿದರೆ ಆಶ್ಚರ್ಯಪಡಬೇಡಿ. ಹುಟ್ಟಿನಿಂದ ವಾಸನೆ ತಿಳಿಯದಿರುವುದು, ಪ್ರಾಯ ತಡವಾಗುವುದು ಇವೆರಡೂ ಕೂಡಿಬರುವ ಒಂದು ಸ್ಥಿತಿ ಇದೆ.

ಎದೆ ಉಬ್ಬಿರುವುದು ಹೆಚ್ಚಿನ ಹುಡುಗರಲ್ಲಿ ಪ್ರಾಯದ ಏರುಪೇರು. ಮೊಲೆತೊಟ್ಟಿನ ಕೆಳಗೆ ಬಿಲ್ಲೆಯಂಥ ಗಟ್ಟಿ ಗ್ರಂಥಿ ಕೈಗೆ ಸಿಗುತ್ತದೆ, ಒಂದೆರಡು ವರ್ಷದಲ್ಲಿ ತಾನೇ ಕರಗುತ್ತದೆ. ಮೈ ದಪ್ಪಗಿದ್ದರೆ ಅದು ಬರೀ ಕೊಬ್ಬೂ ಆಗಿರಬಹುದು. ಆದರೆ ನಿಮ್ಮ ಮಗನಿಗೆ 17 ಆಗಿರುವುದರಿಂದ ಒಮ್ಮೆ ತೋರಿಸಿ. ಎದೆ ಉಬ್ಬು, ಸಣ್ಣ ಗಟ್ಟಿ ವೃಷಣ, ಉದ್ದ ಕಾಲು ಮೂರೂ ಇದ್ದರೆ ಕ್ಲೈನ್‌ಫೆಲ್ಟರ್ ಸಿಂಡ್ರೋಮ್ (ಗಂಡಿನಲ್ಲಿ ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಿಗೆ ಇರುವ ಸ್ಥಿತಿ) ಇದೆಯೇ ಎಂದು ಕ್ರೋಮೋಸೋಮ್ ಪರೀಕ್ಷೆ ಮಾಡುತ್ತಾರೆ. 500ರಿಂದ 1000 ಗಂಡುಮಕ್ಕಳಲ್ಲಿ ಒಬ್ಬರಿಗೆ ಇದು ಇರುತ್ತದೆ, ಎಷ್ಟೋ ಜನರಿಗೆ ಮದುವೆಯಾಗಿ ಮಕ್ಕಳಾಗದಿದ್ದಾಗಲೇ ಗೊತ್ತಾಗುವುದು. ಒಂದೇ ಕಡೆ ಗಡ್ಡೆ, ತೊಟ್ಟಿನಿಂದ ದ್ರವ ಅಥವಾ ವೃಷಣದಲ್ಲಿ ಗಂಟು ಇದ್ದರೆ ಕಾಯಬೇಡಿ.

ನಿಜವಾದ ಕೊರತೆ ಸಿಕ್ಕರೆ ಟೆಸ್ಟೋಸ್ಟೆರಾನ್ ಸರಿಯಾದ ಔಷಧವೇ. ಅದನ್ನು ತಜ್ಞರು ಅಲ್ಪ ಪ್ರಮಾಣದಿಂದ ಶುರು ಮಾಡಿ ನಿಧಾನವಾಗಿ ಏರಿಸುತ್ತಾರೆ. ಕೊರತೆ ಇಲ್ಲದವನಿಗೆ ಕೊಟ್ಟರೆ ಆಗುವುದು ಬೇರೆ. ಹೊರಗಿನಿಂದ ಬಂದದ್ದನ್ನು ಕಂಡು ಮೆದುಳಿನ ಗ್ರಂಥಿ ತನ್ನ ಆದೇಶ ನಿಲ್ಲಿಸುತ್ತದೆ, ವೃಷಣ ಕುಗ್ಗುತ್ತದೆ, ವೀರ್ಯಾಣು ಉತ್ಪತ್ತಿ ಇಳಿಯುತ್ತದೆ. ಇನ್ನೂ ಎತ್ತರ ಬೆಳೆಯುವ ಮೂಳೆಗಳ ತುದಿ ಬೇಗ ಮುಚ್ಚಿಕೊಳ್ಳಬಹುದು. ಮೊಡವೆ ಬರುತ್ತದೆ, ರಕ್ತ ಗಟ್ಟಿಯಾಗುತ್ತದೆ. ಕೊಟ್ಟ ಟೆಸ್ಟೋಸ್ಟೆರಾನ್‌ನಲ್ಲಿ ಒಂದು ಭಾಗ ದೇಹದೊಳಗೆ ಹೆಣ್ಣು ಹಾರ್ಮೋನ್ ಈಸ್ಟ್ರೋಜೆನ್ ಆಗಿ ಮಾರ್ಪಡುವುದರಿಂದ ಎದೆ ಇನ್ನಷ್ಟು ಉಬ್ಬುವುದೂ ಉಂಟು. ಜಿಮ್‌ಗೆ ಅವನಾಗಿ ಹೋಗುತ್ತೇನೆಂದರೆ ಹೋಗಲಿ, ಆದರೆ ಅಲ್ಲಿ ಡಬ್ಬಿಯಲ್ಲಿ ಸಿಗುವ ಪುಡಿ, ಮಾತ್ರೆಗಳ ಹತ್ತಿರ ಬೇಡ. ಹುರಿ ಮೈಗೆಂದು ತೆಗೆದುಕೊಂಡ ಸ್ಟೀರಾಯ್ಡ್‌ನಿಂದಲೇ ಎದೆ ಬೆಳೆದು ಶಸ್ತ್ರಚಿಕಿತ್ಸೆಗೆ ಬರುವ ಹುಡುಗರಿದ್ದಾರೆ. ಇನ್ನು ಕೈ ಆಡಿಸುವುದು, ನಡಿಗೆ, ಆಸಕ್ತಿ, ಯಾರತ್ತ ಮನಸ್ಸು ಹೋಗುತ್ತದೆ ಎಂಬುದು, ಇವುಗಳಲ್ಲಿ ಯಾವುದನ್ನೂ ಈ ಇಂಜೆಕ್ಷನ್ ಬದಲಿಸುವುದಿಲ್ಲ.

ಹಾರ್ಮೋನ್ ಸರಿಯಿದ್ದು ದನಿ ಮಾತ್ರ ಎತ್ತರದಲ್ಲಿ ಉಳಿದಿದೆ ಎಂದಾದರೆ ದಾರಿ ಹೀಗೆ. ಮೊದಲು ಕಿವಿ-ಮೂಗು-ಗಂಟಲು ತಜ್ಞರು ಕ್ಯಾಮೆರಾ ಹಾಕಿ ಧ್ವನಿತಂತು ನೋಡುತ್ತಾರೆ. ತಂತುಗಳ ನಡುವೆ ಪೊರೆ, ಗೀರು, ಲಕ್ವ ಯಾವುದೂ ಇಲ್ಲ ಎಂದು ಖಾತ್ರಿಯಾಗಬೇಕು. ಕಿವಿ ಪರೀಕ್ಷೆಯೂ ಆಗಬೇಕು. ಆಮೇಲೆ ಸ್ಪೀಚ್ ಥೆರಪಿಸ್ಟ್. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಿಮಗೆ ಹತ್ತಿರ. ದೊಡ್ಡ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲೂ ಈ ವಿಭಾಗ ಇರುತ್ತದೆ. ಖಾಸಗಿಯಾಗಿ ಹೋಗುವುದಾದರೆ ಆರ್.ಸಿ.ಐ. (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯೇ ಎಂದು ಕೇಳಿ. "ಗಂಡು ದನಿ ಗ್ಯಾರಂಟಿ" ಎಂದು ಬೋರ್ಡ್ ಹಾಕಿಕೊಂಡವರ ಸಹವಾಸ ಬೇಡ.

ಥೆರಪಿಸ್ಟ್ ಮೊದಲು ದನಿ ರೆಕಾರ್ಡ್ ಮಾಡಿ ಶ್ರುತಿ ಅಳೆಯುತ್ತಾರೆ. ನಂತರ ಹುಡುಗನಿಗೆ ಕೆಮ್ಮಲು ಹೇಳಿ, ಆ ಕೆಮ್ಮಿನ ಬಾಲದಲ್ಲೇ "ಆ" ಎಂದು ಎಳೆಯಲು ಹೇಳುತ್ತಾರೆ. ಬಾರದಿದ್ದರೆ ಗಂಟಲಮಣಿಯ ಮೇಲೆ ಬೆರಳಿಟ್ಟು ಹಗುರವಾಗಿ ಹಿಂದಕ್ಕೆ, ಕೆಳಕ್ಕೆ ಒತ್ತುತ್ತಾರೆ. ಹಿಡಿದಿಟ್ಟ ಪೆಟ್ಟಿಗೆ ಕೆಳಗಿಳಿದ ಕೂಡಲೇ ದಪ್ಪ ದನಿ ಹೊರಬೀಳುತ್ತದೆ. ಎಷ್ಟೋ ಹುಡುಗರಿಗೆ ಮೊದಲ ಒಂದೆರಡು ಭೇಟಿಯಲ್ಲೇ ಇದು ಸಿಗುತ್ತದೆ. ವಿಡಿಯೊ ನೋಡಿ ಮನೆಯಲ್ಲಿ ಕುತ್ತಿಗೆ ಒತ್ತಲು ಹೋಗಬೇಡಿ, ಪಕ್ಕದಲ್ಲೇ ಮೆದುಳಿಗೆ ರಕ್ತ ಒಯ್ಯುವ ನಾಳಗಳಿವೆ. ಸಿಕ್ಕ ದನಿಯನ್ನು ಆಮೇಲೆ "ಮ್" ಎಂಬ ಗುನುಗಿಗೆ, ಅಲ್ಲಿಂದ ಸ್ವರದಿಂದ ಶುರುವಾಗುವ ಪದಗಳಿಗೆ (ಆಟ, ಊಟ, ಎಮ್ಮೆ, ಅಕ್ಕ), ಅಲ್ಲಿಂದ ವಾಕ್ಯಕ್ಕೆ, ಪತ್ರಿಕೆ ಓದುವುದಕ್ಕೆ, ಕಡೆಗೆ ಫೋನ್ ಮಾತಿಗೆ ದಾಟಿಸುತ್ತಾರೆ. ಮನೆಯಲ್ಲಿ ಅಭ್ಯಾಸ ದಿನಕ್ಕೆ ನಾಲ್ಕೈದು ಸಲ, ಪ್ರತಿ ಸಲ ಐದರಿಂದ ಹತ್ತು ನಿಮಿಷ. ಬೇಗ ಆಗಲಿ ಎಂದು ಒಂದೇ ಸಮ ಗಂಟೆಗಟ್ಟಲೆ ಮಾಡಿದರೆ ಗಂಟಲು ಕಟ್ಟುತ್ತದೆ. ಸಿನಿಮಾ ಖಳನಾಯಕರ ಹಾಗೆ ಎದೆಯಿಂದ ತಳ್ಳಿ ಗದರುವ ದನಿಯೂ ಬೇಡ, ಅದು ಇನ್ನೊಂದು ಬಿಗಿತ.

ಕಷ್ಟ ಇರುವುದು ದನಿ ಬಂದ ಮೇಲೆ. ಹುಡುಗನಿಗೆ ಆ ದನಿ ತನ್ನದು ಅನ್ನಿಸುವುದಿಲ್ಲ. ಥೆರಪಿ ಕೋಣೆಯಲ್ಲಿ ಮಾತಾಡಿ, ಮೆಟ್ಟಿಲಿಳಿಯುವಷ್ಟರಲ್ಲಿ ಹಳೆಯದಕ್ಕೆ ಮರಳುತ್ತಾನೆ. ಮನೆಯಲ್ಲಿ ಯಾರಾದರೂ "ಓಹೋ, ಈಗ ಗಂಡಸಾದ ನೋಡು" ಎಂದರೆ ಮುಗಿಯಿತು, ಒಂದು ತಿಂಗಳ ಕೆಲಸ ನೀರುಪಾಲು. ಹೊಗಳಿಕೆಯೂ ಬೇಡ, ನಗೆಯೂ ಬೇಡ. "ಊಟಕ್ಕೆ ಏನು ಮಾಡಲಿ" ಎಂದು ಕೇಳುವಷ್ಟೇ ಸಹಜವಾಗಿರಿ. ಭಾವನವರಿಗೆ ಇದನ್ನು ಮೊದಲೇ ಹೇಳಿಡಿ.

ಕೆಲವು ತಿಂಗಳು ಸರಿಯಾಗಿ ಮಾಡಿಯೂ ಫಲ ಸಿಗದಿದ್ದರೆ ಧ್ವನಿಪೆಟ್ಟಿಗೆಯ ಮೃದ್ವಸ್ಥಿಯನ್ನು ಕತ್ತರಿಸಿ ತಂತುಗಳನ್ನು ಸಡಿಲಗೊಳಿಸುವ ಶಸ್ತ್ರಚಿಕಿತ್ಸೆ ಇದೆ, ಮೂರನೇ ಬಗೆಯ ಥೈರೋಪ್ಲಾಸ್ಟಿ ಎನ್ನುತ್ತಾರೆ. ದನಿ ಒರಟಾಗುವ, ಬೇಕಾದ್ದಕ್ಕಿಂತ ಕೆಳಗಿಳಿಯುವ ಅಪಾಯ ಅದರಲ್ಲಿದೆ. ಥೆರಪಿ ಪ್ರಯತ್ನಿಸದೆ ನೇರ ಆಪರೇಷನ್ ಹೇಳಿದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ.

ಇಷ್ಟೆಲ್ಲ ಹೇಳಿದ ಮೇಲೂ ಇದಕ್ಕೆ ಮೊದಲು ಆಗಬೇಕಾದ ಒಂದು ಕೆಲಸವಿದೆ. ಅವನನ್ನು ಕೇಳಿ. "ನಿನ್ನ ದನಿ ನಿನಗೆ ತೊಂದರೆ ಕೊಡ್ತಾ ಇದೆಯಾ, ಇಲ್ಲ ಜನರ ಮಾತು ತೊಂದರೆ ಕೊಡ್ತಾ ಇದೆಯಾ?" ಎರಡೂ ಒಂದೇ ಅಲ್ಲ. ಬರುವ ಹುಡುಗರಲ್ಲಿ ಹೆಚ್ಚಿನವರು ದನಿ ಇಳಿಸಿಕೊಳ್ಳಲು ಹಾತೊರೆಯುತ್ತಿರುತ್ತಾರೆ, ಹೇಳಲು ನಾಚಿಕೆ ಅಷ್ಟೆ. ಕೆಲವರಿಗೆ ಈಗಿನ ದನಿಯೇ ಇಷ್ಟ. ಅಪರೂಪಕ್ಕೆ ಒಬ್ಬರು ಒಳಗೊಳಗೆ ತನ್ನನ್ನು ಹೆಣ್ಣೆಂದೇ ಅರಿತವರಿರುತ್ತಾರೆ. ಅವರ ದನಿಯನ್ನು ಬಲವಂತವಾಗಿ ಇಳಿಸುವುದು ಚಿಕಿತ್ಸೆಯಲ್ಲ, ಹಿಂಸೆ. ಪ್ಯೂಬರ್‌ಫೋನಿಯಾದಿಂದ ಜೀವಕ್ಕೇನೂ ಅಪಾಯವಿಲ್ಲ, ದೂರಕ್ಕೆ ಕೂಗಲಾಗದು, ಹೆಚ್ಚು ಮಾತಾಡಿದರೆ ಗಂಟಲು ಸೋಲುತ್ತದೆ, ಅಷ್ಟೆ. ಬೇಡ ಎಂದರೆ ಬಿಡಬಹುದು. ವೈದ್ಯರ ಬಳಿಯೂ ಹತ್ತು ನಿಮಿಷ ಅವನೊಬ್ಬನನ್ನೇ ಒಳಗೆ ಬಿಟ್ಟು ನೀವು ಹೊರಗೆ ಕೂರಿ.

ನಾಟ್ಯ ಬಿಡಿಸಬೇಡಿ. ಭರತನಾಟ್ಯ ಕಲಿತದ್ದರಿಂದ ಯಾರೂ ಹೆಣ್ಣಿಗರಾಗುವುದಿಲ್ಲ, ಬಿಟ್ಟದ್ದರಿಂದ ಯಾರೂ ಗಂಡಸರಾಗುವುದಿಲ್ಲ. ಯಕ್ಷಗಾನದಲ್ಲಿ ಸ್ತ್ರೀವೇಷ ಕಟ್ಟುವ ಗಂಡಸರು ಬೆಳಿಗ್ಗೆ ಮನೆಗೆ ಹೋಗಿ ತೋಟದ ಕೆಲಸ ಮಾಡುವುದನ್ನು ಕರಾವಳಿಯವರು ತಲೆಮಾರುಗಳಿಂದ ನೋಡಿದ್ದಾರೆ. ಬೆಂಗಳೂರಿನ ಆರ್. ನಾಗರತ್ನಮ್ಮ ಹೆಂಗಸರದೇ ನಾಟಕ ಮಂಡಳಿ ಕಟ್ಟಿ ಕಂಸ, ರಾವಣನ ಪಾತ್ರ ಮಾಡುತ್ತಿದ್ದರು, 2012ರಲ್ಲಿ ಪದ್ಮಶ್ರೀಯೂ ಬಂತು. ಅದೂ ಅಲ್ಲದೆ, ಕಾಲೇಜಿನಲ್ಲಿ ಬಾಯಿ ಮುಚ್ಚಿಕೊಂಡಿರುವ ಹುಡುಗನಿಗೆ ವಾರದಲ್ಲಿ ಎರಡು ಸಂಜೆ ತಲೆಯೆತ್ತಿ ನಿಲ್ಲುವ ಜಾಗ ಅದೊಂದೇ ಇರಬಹುದು. ಅದನ್ನು ಕಿತ್ತುಕೊಂಡರೆ ಅವನಿಗೆ ಏನು ಉಳಿಯುತ್ತದೆ?

ಕೈ ಆಡಿಸುವುದು, ನಡಿಗೆ ತಿದ್ದುವ ಪ್ರಯತ್ನಗಳ ಬಗ್ಗೆಯೂ ನನ್ನ ಅಭಿಪ್ರಾಯ ಇದೇ. "ನೆಟ್ಟಗೆ ನಡಿ" ಎಂದು ದಿನಾ ಹೇಳಿಸಿಕೊಂಡ ಹುಡುಗ ನೆಟ್ಟಗೆ ನಡೆಯುವುದನ್ನು ಕಲಿಯುವುದಿಲ್ಲ, ಮನೆಯವರ ಕಣ್ಣಿಗೆ ಬೀಳದಿರುವುದನ್ನು ಕಲಿಯುತ್ತಾನೆ.

ಇನ್ನು ನೀವು "ಹಾಗೆ" ಎಂದು ಬರೆದು ನಿಲ್ಲಿಸಿದ ಮಾತು. ಇಲ್ಲಿಯೂ ಮೂರು ಬೇರೆ ಸಂಗತಿಗಳಿವೆ: ನಡೆನುಡಿ ಹೇಗಿದೆ, ತನ್ನನ್ನು ಗಂಡೆಂದು ತಿಳಿಯುತ್ತಾನೋ ಹೆಣ್ಣೆಂದೋ, ಯಾರ ಮೇಲೆ ಆಕರ್ಷಣೆ. ಒಂದನ್ನು ನೋಡಿ ಇನ್ನೊಂದನ್ನು ಹೇಳಲಾಗದು. ಮುಚ್ಚಿಡದೆ ಹೇಳುವುದಾದರೆ, ಗುಂಪಾಗಿ ನೋಡಿದಾಗ ಬಾಲ್ಯದಲ್ಲಿ ಹೀಗಿದ್ದ ಹುಡುಗರಲ್ಲಿ ಮುಂದೆ ಗಂಡಸರ ಮೇಲೆ ಮನಸ್ಸಾಗುವವರ ಪಾಲು ಹೆಚ್ಚು. ಆದರೆ ಎದುರಿಗಿರುವ ಒಬ್ಬ ಹುಡುಗನ ಬಗ್ಗೆ ಅದರಿಂದ ಏನೂ ತಿಳಿಯದು. ಮೃದು ನಡೆಯ ಎಷ್ಟೋ ಗಂಡಸರು ಹೆಂಡತಿ ಮಕ್ಕಳೊಂದಿಗೆ ಸುಖವಾಗಿದ್ದಾರೆ, ಹುರಿಮೀಸೆಯ ಎಷ್ಟೋ ಗಂಡಸರಿಗೆ ಗಂಡಸರೇ ಇಷ್ಟ.

ಹಾಗೇ ಆದರೂ ಅದು ಕಾಯಿಲೆಯಲ್ಲ. ಸಲಿಂಗ ಆಕರ್ಷಣೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ರೋಗಗಳ ಪಟ್ಟಿಯಿಂದ ತೆಗೆಯಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ವಯಸ್ಕರ ಒಪ್ಪಿತ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. "ಬದಲಾಯಿಸುವ" ಚಿಕಿತ್ಸೆ ಕೊಡುವುದು ವೈದ್ಯರ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಶಾಕ್, ಸಮ್ಮೋಹನ, ಹರಕೆ, ತಾಯಿತ ಯಾವುದರಿಂದಲೂ ಇದು ಬದಲಾಗದು. ಮಕ್ಕಳಲ್ಲಿ ಖಿನ್ನತೆ ಮಾತ್ರ ಗ್ಯಾರಂಟಿ. ಇನ್ನೊಂದು ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ: "ಮದುವೆ ಮಾಡಿ, ಸರಿಹೋಗ್ತಾನೆ." ದಯವಿಟ್ಟು ಬೇಡ. ಅಲ್ಲಿ ಹಾಳಾಗುವುದು ಎರಡು ಜೀವ, ಒಂದು ಇನ್ನೊಬ್ಬರ ಮನೆಯ ಮಗಳದ್ದು.

ಕಾಲೇಜಿನ ವಿಷಯ ಹುಡುಗಾಟವೆಂದು ಬಿಡಬೇಡಿ. ಯಾವ ದಿನ, ಎಲ್ಲಿ, ಯಾರು, ಏನೆಂದರು ಎಂದು ಅವನ ಒಪ್ಪಿಗೆ ಪಡೆದು ಬರೆದಿಡಿ. ಪ್ರಾಂಶುಪಾಲರಿಗೆ ಬಾಯಿಮಾತಲ್ಲಿ ಹೇಳಬೇಡಿ, ಲಿಖಿತ ದೂರು ಕೊಟ್ಟು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಮುಟ್ಟುವುದು, ಬಟ್ಟೆ ಎಳೆಯುವುದು, ಲೈಂಗಿಕ ಮಾತು, ಫೋನ್‌ನಲ್ಲಿ ಚಿತ್ರ ತೆಗೆಯುವುದು ನಡೆದಿದ್ದರೆ 18 ತುಂಬದ ಹುಡುಗನಿಗೂ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ) ಕಾಯ್ದೆಯ ರಕ್ಷಣೆ ಇದೆ. ಮಕ್ಕಳ ಸಹಾಯವಾಣಿ 1098. ಊಟ ನಿದ್ದೆ ಬಿಟ್ಟಿದ್ದರೆ, ಕಾಲೇಜಿಗೆ ಹೋಗಲೊಲ್ಲನಾದರೆ, ಕೈ ಕೊಯ್ದುಕೊಂಡ ಗುರುತು ಕಂಡರೆ, ಬದುಕಿ ಏನು ಪ್ರಯೋಜನ ಎಂಬ ಮಾತು ಬಂದರೆ ದನಿಯ ವಿಷಯ ಬದಿಗಿಟ್ಟು ಅಂದೇ ಮನೋವೈದ್ಯರಿಗೆ ತೋರಿಸಿ. ರಾತ್ರಿಯಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ನಿಮ್ಮವರು ಎದ್ದು ಹೋಗುವುದು ಕೋಪದಿಂದಲ್ಲ, ಏನು ಹೇಳಬೇಕೆಂದು ತೋಚದೆ ಇರಬಹುದು. ಅವರಿಗೆ ಒಂದು ಕೆಲಸ ಹಚ್ಚಿ: ಹಾರ್ಮೋನ್ ತಜ್ಞರ ಬಳಿಗೆ ಮಗನನ್ನು ಅವರೇ ಕರೆದೊಯ್ಯಲಿ. ಈ ಪರೀಕ್ಷೆಗೆ ಅಮ್ಮನಿಗಿಂತ ಅಪ್ಪ ಜೊತೆಗಿದ್ದರೆ ಹುಡುಗನಿಗೂ ಮುಜುಗರ ಕಡಿಮೆ.

ತಪಾಸಣೆಯನ್ನು ಈ ತಿಂಗಳಲ್ಲೇ ಮಾಡಿಸಿ. ಧ್ವನಿ ಚಿಕಿತ್ಸೆ ಬೇಕೆಂದು ಅವನೇ ಹೇಳಿದರೆ ಅದನ್ನು ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ರಜೆಗೆ ಇಟ್ಟುಕೊಳ್ಳುವುದು ಮೇಲು. ಪರೀಕ್ಷೆಯ ಒತ್ತಡವಿರುವುದಿಲ್ಲ, ಮೈಸೂರಿಗೆ ಓಡಾಡಲು ಸಮಯ ಸಿಗುತ್ತದೆ, ಡಿಗ್ರಿಗೆ ಹೊಸ ಕಾಲೇಜು ಸೇರಿದಾಗ ಅವನ ಹಳೆಯ ದನಿ ಕೇಳಿದವರು ಅಲ್ಲಿ ಹೆಚ್ಚು ಜನ ಇರುವುದಿಲ್ಲ. ಹೋಗುವಾಗ ಹಳೆಯ ರಕ್ತ ಪರೀಕ್ಷೆಯ ವರದಿಗಳು, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ, ಮತ್ತು 11-12ನೇ ವಯಸ್ಸಿನಲ್ಲಿ ಅವನು ಮಾತಾಡಿದ ಯಾವುದಾದರೂ ವಿಡಿಯೊ ಫೋನ್‌ನಲ್ಲಿ ಉಳಿದಿದ್ದರೆ ಅದನ್ನೂ ಒಯ್ಯಿರಿ. ಅಂದಿನ ಮತ್ತು ಇಂದಿನ ಶ್ರುತಿ ಹೋಲಿಸಲು ಥೆರಪಿಸ್ಟ್‌ಗೆ ಬಹಳ ಅನುಕೂಲ.